ಹಗೇವು ಎಂದರೆ ಯಂತ್ರಕ್ಕೆ ತಿಳಿಯದು

ಕಾಸರಗೋಡಿನ ವಾಚಕರಿಗೆ ರಾಯದುರ್ಗ, ಮಡಕಶಿರ ಎಂಬ ಹೆಸರುಗಳು ಅಷ್ಟಾಗಿ ಪರಿಚಿತವಿಲ್ಲದಿರಬಹುದು. ಆಂಧ್ರದ ಗಡಿಯಲ್ಲಿರುವ ಈ ಎರಡು ಊರುಗಳಲ್ಲೂ ನಿಮ್ಮಲ್ಲಿಯಂತೆಯೇ ಅನೇಕರಿಗೆ ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯದಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರುಗಳೊಡನೆ ಇದು ಆಂಧ್ರದ ಪಾಲಾಯಿತು. ಮಡಕಶಿರವನ್ನಾದರೋ ಶಿರಾ, ಪಾವಗಡ, ಮಧುಗಿರಿ ಮುಂತಾದ ಕರ್ನಾಟಕದ ತಾಲೂಕುಗಳು ಬಳಸಿಕೊಂಡಿವೆ. ಅದರ ಸಮೀಪದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಎರಡೂ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದುವು. 2022ರ ಏಪ್ರಿಲ್ 4ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ಇಲ್ಲಿ ಕನ್ನಡ ಮಾಧ್ಯಮದ ಉಪಾಧ್ಯಾಯರಿಗೆ ಪಾಠ ಹೇಳುವುದು ಕಷ್ಟವಲ್ಲ, ಪ್ರಶ್ನಪತ್ರಿಕೆ ಬೆರಳಚ್ಚು ಮಾಡಿಸುವುದೇ ಕಷ್ಟ. ಪೇಟೆಯ ಡಿ.ಟಿ.ಪಿ. ಅಂಗಡಿಯವರ ಕೈ ತೆಲುಗಿಗೆ ಪಳಗಿದೆ. ಒಂದು ಪುಟ ಕನ್ನಡಕ್ಕಾಗಿ ರಾಯದುರ್ಗದವರು ಬಳ್ಳಾರಿಗೂ ನಮ್ಮ ಕಡೆಯವರು ಶಿರಾಕ್ಕೂ ಬಸ್ಸು ಹತ್ತಿದ್ದುಂಟು. ನುಡಿ, ಬರಹ ತಂತ್ರಾಂಶಗಳು ಬಂದ ಮೇಲೆ ಕೆಲವರು ತಾವೇ ಕಲಿತರು. ಆದರೆ ನಲವತ್ತು ದಾಟಿದ ಬೆರಳುಗಳಿಗೆ ಒತ್ತಕ್ಷರಗಳು ಸುಲಭವಾಗಿ ಒಲಿಯುವುದಿಲ್ಲ. ಆದ್ದರಿಂದ 2017ರ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆಯು ತನ್ನ ಧ್ವನಿ ಬೆರಳಚ್ಚಿಗೆ ಕನ್ನಡವನ್ನೂ ಸೇರಿಸಿದಾಗ, ಬಾಯಲ್ಲಿ ಹೇಳಿದ್ದನ್ನು ಯಂತ್ರವೇ ಬರೆದುಕೊಳ್ಳುತ್ತದೆಂಬ ಸುದ್ದಿ ನಮಗೆ ಹಬ್ಬದಂತೆ ಕೇಳಿಸಿತು. ತೆಲುಗು, ಮಲಯಾಳಗಳೂ ಅದೇ ಕಂತಿನಲ್ಲಿ ಸೇರಿದುವು.

ಹಬ್ಬದ ಅಡುಗೆ ಮಾತ್ರ ತಾನಾಗಿ ಬೇಯುವುದಿಲ್ಲ. ಮೊದಲ ತೊಡಕು ಗಡಿನಾಡಿನದೇ. ಇಲ್ಲಿಯ ಫೋನು, ಕಂಪ್ಯೂಟರುಗಳನ್ನು ಮಾರುವವರೇ ತೆಲುಗಿಗೋ ಇಂಗ್ಲಿಷಿಗೋ ಹೊಂದಿಸಿ ಕೊಡುತ್ತಾರೆ. ‘ನಾಳೆ ಶಾಲೆಗೆ ರಜೆ’ ಎಂದರೆ ತೆಲುಗು ಲಿಪಿಯಲ್ಲಿ ಅರ್ಥವಿಲ್ಲದ ಏನೋ ಒಂದು ಮೂಡುತ್ತದೆ. ನಿಮ್ಮಲ್ಲಿ ಇದೇ ಅವಸ್ಥೆ ಮಲಯಾಳದಲ್ಲಿ ಆದೀತು. ಯಂತ್ರ ಕೆಟ್ಟಿದೆಯೆಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಗೂಗಲ್ ಡಾಕ್ಸ್‌ನ ‘ಟೂಲ್ಸ್’ ಪಟ್ಟಿಯಲ್ಲಿ ‘ವಾಯ್ಸ್ ಟೈಪಿಂಗ್’ ಒತ್ತಿದರೆ ಮೈಕಿನ ಚಿತ್ರ ಬರುತ್ತದೆ. ಅದರ ತಲೆಯ ಮೇಲೆ ಭಾಷೆಗಳ ಪಟ್ಟಿಯುಂಟು. ಅಲ್ಲಿ ಕನ್ನಡವನ್ನು ಆರಿಸಬೇಕು. ಇದಕ್ಕೆ ಇಂಟರ್‌ನೆಟ್ ಬೇಕೇ ಬೇಕು.

ಎರಡನೆಯದು ಸದ್ದು. ಲ್ಯಾಪ್‌ಟಾಪಿನ ಒಳಗಿನ ಮೈಕು ನಮ್ಮ ದನಿಯೊಡನೆ ಫ್ಯಾನಿನ ದನಿಯನ್ನೂ ಆಲಿಸುತ್ತದೆ. ಕಿವಿಗೆ ಹಾಕುವ ಸಾಧಾರಣ ಹೆಡ್‌ಫೋನಿನ ಮೈಕನ್ನು ಬಾಯಿಯ ಎದುರಿಗಲ್ಲ, ಪಕ್ಕಕ್ಕೆ ಎರಡು ಬೆರಳು ದೂರದಲ್ಲಿಟ್ಟರೆ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತವೆ. ಮಕ್ಕಳಿಗೆ ಉಕ್ತಲೇಖನ ಕೊಡುವ ಅಭ್ಯಾಸದಿಂದ ನಾವು ಮೇಷ್ಟ್ರುಗಳು ಒಂದೊಂದೇ ಪದ ಬಿಡಿಸಿ ಹೇಳುತ್ತೇವೆ. ಯಂತ್ರಕ್ಕೆ ಅದು ಹಿಡಿಸದು. ಹಿಂದಿನ ಮುಂದಿನ ಪದಗಳನ್ನು ನೋಡಿ ನಡುವಿನದನ್ನು ಊಹಿಸುವುದು ಅದರ ಕ್ರಮವಾದ್ದರಿಂದ ಪೂರ್ತಿ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಿದರೇ ವಾಸಿ. ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆಗಳನ್ನು ಕೈಯಿಂದಲೇ ಹಾಕುವುದು ಕ್ಷೇಮ. ಬಂದ ಬರಹ ಯುನಿಕೋಡಿನಲ್ಲಿರುತ್ತದೆ. ಅದನ್ನು ಹಳೆಯ ನುಡಿ ಅಕ್ಷರಗಳ ಪುಟಕ್ಕೆ ಹಾಗೆಯೇ ಅಂಟಿಸಿ ಗಾಬರಿಯಾದವರನ್ನು ಕಂಡಿದ್ದೇನೆ. ‘ತುಂಗಾ’ದಂಥ ಯುನಿಕೋಡ್ ಅಕ್ಷರವನ್ನು ಆರಿಸಿಕೊಂಡರೆ ಆ ತಾಪತ್ರಯವಿಲ್ಲ.

ಇಷ್ಟಾದ ಮೇಲೂ ಉಳಿಯುವ ತಪ್ಪುಗಳೇ ವಿಚಾರ ಮಾಡತಕ್ಕವು. ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಯಂತ್ರ ತಡವರಿಸದೆ ಬರೆಯಿತು. ‘ಅಗಳಿ’ ಎಂಬ ಪಕ್ಕದ ಊರಿನ ಹೆಸರು ‘ಅಗಲಿ’ ಆಯಿತು. ‘ರೊಳ್ಳ’ವಂತೂ ದಿನಕ್ಕೊಂದು ವೇಷ. ‘ಬಂದೈತೆ’ ಎಂದರೆ ಒಮ್ಮೊಮ್ಮೆ ಸರಿ. ನಮ್ಮ ಹಳ್ಳಿಗಳಲ್ಲಿ ಹಕಾರ ಬಿಟ್ಟು ‘ಆಲು’ ಎಂದರೆ, ಕರೆದ ಹಾಲು ಆಲದ ಮರವಾಗುತ್ತದೆ. ಅನಂತಪುರ ಸೀಮೆಯ ಜೀವಾಳವಾದ ಬೆಳೆಗೆ ರಾಯದುರ್ಗದ ಕಡೆ ಶೇಂಗಾ, ನಮ್ಮ ಕಡೆ ಕಡ್ಲೇಕಾಯಿ, ಸಂತೆಯ ತೆಲುಗಿನಲ್ಲಿ ಚೆನಕ್ಕಾಯ. ರೈತನೊಬ್ಬ ಇವನ್ನೆಲ್ಲ ಒಂದೇ ಮಾತಿನಲ್ಲಿ ಬೆರೆಸಿಯಾನು. ಒಂದು ಸಲಕ್ಕೆ ಒಂದೇ ಭಾಷೆಯೆಂದು ಕುಳಿತ ಯಂತ್ರಕ್ಕೆ ಅಲ್ಲಿ ದಿಕ್ಕು ತಪ್ಪುತ್ತದೆ.

ಕಾರಣವೇನೂ ಗುಟ್ಟಲ್ಲ. ಜನ ಮಾತಾಡಿದ ಧ್ವನಿಯನ್ನೂ ಅದರ ಸರಿಯಾದ ಬರಹವನ್ನೂ ಸಾವಿರಾರು ಗಂಟೆಗಳಷ್ಟು ಉಣಿಸಿ ಯಂತ್ರಕ್ಕೆ ಕಲಿಸುತ್ತಾರೆ. ಎರಡೂ ಒಟ್ಟಿಗೆ ಸಿಗುವ ಜಾಗಗಳು ಕಡಿಮೆ. ಮದ್ರಾಸಿನ ಐ.ಐ.ಟಿ.ಯ ‘ಎಐ ಫಾರ್ ಭಾರತ್’ ತಂಡದವರು 2022ರಲ್ಲಿ ಕನ್ನಡವೂ ಸೇರಿದಂತೆ 12 ಭಾಷೆಗಳಲ್ಲಿ ಸುಮಾರು 6,400 ಗಂಟೆಗಳ ಧ್ವನಿಭಂಡಾರವನ್ನು ಕಟ್ಟಿದ್ದು ಆಕಾಶವಾಣಿಯ ವಾರ್ತೆಗಳಿಂದ. ಉಪಯುಕ್ತ ಕೆಲಸವೇ. ಆದರೆ ವಾರ್ತೆ ಓದುವವರು ‘ಆಲು’ ಎನ್ನುವುದಿಲ್ಲವಷ್ಟೆ.

ಹಾಗಾದರೆ ನಾವೇ ವಾರ್ತೆಯ ಕನ್ನಡ ಆಡೋಣವೆಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹೇಳುತ್ತಾರೆ. ಪ್ರಶ್ನಪತ್ರಿಕೆಗೆ ಆ ಮಾತು ಒಪ್ಪತಕ್ಕದ್ದೇ, ಅದು ಹೇಗೂ ಪುಸ್ತಕದ ಭಾಷೆ. ಆದರೆ ಎಪ್ಪತ್ತರ ಮುದುಕಿಗೆ ‘ಅಜ್ಜೀ, ಹಕಾರ ಸರಿಯಾಗಿ ಹೇಳು’ ಎನ್ನುವುದು ನನಗೆ ಸರಿಕಾಣದು. ತೆಲುಗು ಕಚೇರಿಯಲ್ಲಿ ಒಮ್ಮೆ ನಾಲಗೆ ತಿದ್ದಿಕೊಂಡವರು ಕನ್ನಡದ ಯಂತ್ರದ ಮುಂದೆಯೂ ತಿದ್ದಿಕೊಳ್ಳಬೇಕೆ?

ಈ ಸಾಧನದಿಂದ ನಿಜವಾದ ಲಾಭವಿರುವುದು ನಮಗಲ್ಲ, ತೆಲುಗು ಮಾಧ್ಯಮದಲ್ಲಿ ಓದುತ್ತಿರುವ ನಮ್ಮವರ ಮಕ್ಕಳಿಗೆ. ಅವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. ನಿಮ್ಮಲ್ಲೂ ಇಂಥವರು ಕಡಿಮೆಯಿರಲಾರರು. ಇಂಥ ಹುಡುಗನೊಬ್ಬ ಹೇಳಿದ ಮಾತು ಕನ್ನಡ ಲಿಪಿಯಲ್ಲಿ ಮೂಡಿದಾಗ, ‘ಸಾರ್, ಇದು ನಾನಂದಿದ್ದೇನಾ?’ ಎಂದು ಕೇಳಿದ. ಲಿಪಿ ಕಲಿಯಲು ಅವನಿಗೆ ಬೇರೆ ಪ್ರೇರಣೆ ಬೇಕಾಗಲಿಲ್ಲ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ನೋಡಲು ಅವನು ಓದಲೇಬೇಕಾಯಿತು.

ಯಂತ್ರದ ಕಿವಿ ತಿದ್ದುವ ಕೆಲಸವೂ ನಡೆದಿದೆಯೆನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ರೆಸ್ಪಿನ್’ ಎಂಬ ಯೋಜನೆಯಲ್ಲಿ ಕನ್ನಡ, ತೆಲುಗು ಸೇರಿ ಒಂಬತ್ತು ಭಾಷೆಗಳ ಒಳನುಡಿಗಳಲ್ಲಿ ಕೃಷಿ, ಬ್ಯಾಂಕು ವಿಷಯದ ಮಾತುಗಳನ್ನು ಸಂಗ್ರಹಿಸಿದ್ದಾರೆ. ಅವರದೇ ‘ವಾಣಿ’ ಯೋಜನೆ ಇನ್ನೂ ಹಿರಿದು. ಭಾಷೆಯ ಲೆಕ್ಕದಲ್ಲಲ್ಲ, ಜಿಲ್ಲೆಯ ಲೆಕ್ಕದಲ್ಲಿ ಅದು ಹೋಗುತ್ತದೆ. ಚಿತ್ರವೊಂದನ್ನು ತೋರಿಸಿ, ನೋಡಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಮೊದಲ ಹಂತದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇದೆ, ಅನಂತಪುರವೂ ಇದೆ. ಗಡಿನಾಡಿಗೆ ಈ ಕ್ರಮ ಹೇಳಿಮಾಡಿಸಿದಂತಿದೆ, ಕೇಳಲು ಬಂದವರಿಗೆ ರಾಯದುರ್ಗದ ಕನ್ನಡಿಗ ಸೌಜನ್ಯಕ್ಕೆಂದು ತೆಲುಗಿನಲ್ಲಿ ಉತ್ತರ ಕೊಡದಿದ್ದರೆ! ಕೇಂದ್ರ ಸರಕಾರದ ‘ಭಾಷಿಣಿ’ಯವರ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ಧ್ವನಿ ಕೊಡಬಹುದೆಂದು ಮಾಡಿದ್ದಾರೆ. ಅಲ್ಲಿ ತೋರಿಸಿದ ವಾಕ್ಯವನ್ನು ಓದುವುದು. ಬಾಯಿಗೆ ಬಂದದ್ದನ್ನು ಆಡುವುದಕ್ಕೂ ಓದುವುದಕ್ಕೂ ಇರುವ ಅಂತರ ಉಪಾಧ್ಯಾಯರಿಗೆ ಬೇರೆ ಹೇಳಬೇಕಿಲ್ಲ.

ನಮ್ಮ ತರಗತಿಯಲ್ಲಿ ಈಗ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಮನೆಯ ಹಿರಿಯರ ಮಾತನ್ನು ಫೋನಿಗೆ ಕೇಳಿಸಿ, ಯಂತ್ರ ತಪ್ಪಾಗಿ ಬರೆದ ಪದಗಳನ್ನು ಮಕ್ಕಳು ಅದರಲ್ಲಿ ಕೈಯಲ್ಲಿ ಬರೆದು ತರುತ್ತಾರೆ. ಒಬ್ಬ ಹುಡುಗಿ ‘ಹಗೇವು’ ಎಂದು ಬರೆದು ತಂದಳು. ಯಂತ್ರ ಅದನ್ನು ‘ಹಾಗೆಯೇ’ ಎಂದಿತ್ತು. ಅರ್ಥ ಹುಡುಗಿಗೂ ತಿಳಿದಿರಲಿಲ್ಲ. ಅಜ್ಜಿಯನ್ನು ಕೇಳಿದಾಗ ಅವರು ಹಿತ್ತಿಲಿಗೆ ಕರೆದೊಯ್ದು, ರಾಗಿ ತುಂಬಿಡುತ್ತಿದ್ದ ನೆಲಗುಳಿಯ ಜಾಗವನ್ನು ತೋರಿಸಿದರಂತೆ. ಈಗ ಅದರ ಮೇಲೆ ಸಿಮೆಂಟು ಹಾಸಿ ಮೋಟರ್‌ಸೈಕಲ್ ನಿಲ್ಲಿಸುತ್ತಾರೆ.