ಹಿಸುಕದೆ ಹಿಡಿಯುವ ಬೆರಳು

ಸಂತೆಯಲ್ಲಿ ಸಪೋಟ ಕೊಳ್ಳುವಾಗ ಮೆಲ್ಲಗೆ ಒಂದು ಸಲ ಒತ್ತಿ ನೋಡುತ್ತೇವೆ. 'ಹಿಸುಕಬೇಡಿ ಅಣ್ಣಾ' ಎಂದು ಬೈಸಿಕೊಳ್ಳುವುದೂ ಉಂಟು. ಆ ಒಂದು ಒತ್ತಿನಲ್ಲಿ ಬೆರಳಿಗೆ ತಿಳಿಯುವುದನ್ನು ಯಂತ್ರಕ್ಕೆ ತಿಳಿಸುವುದು ಮಾತ್ರ ಬಲು ಕಷ್ಟ.

ರಾಸ್ಪ್‌ಬೆರಿಯನ್ನೇ ನೋಡಿ. ಗಿಡದಲ್ಲಿರುವಾಗ ಈ ಕೆಂಪು ಹಣ್ಣು ಪುಟ್ಟದೊಂದು ಬಿಳಿ ದಿಂಡಿಗೆ ಟೋಪಿ ತೊಡಿಸಿದಂತೆ ಕೂತಿರುತ್ತದೆ. ಕಿತ್ತಾಗ ದಿಂಡು ಗಿಡದಲ್ಲೇ ಉಳಿದು, ಕೈಗೆ ಬರುವುದು ಪೊಳ್ಳು ಟೋಪಿ. ಫಜೀತಿ ಇರುವುದು ಇಲ್ಲೇ. ಬಿಡಿಸಲು ಒಂದಿಷ್ಟು ಬಿಗಿ ಹಿಡಿಯಬೇಕು; ಬಿಟ್ಟುಕೊಂಡ ಕ್ಷಣವೇ ಒಳಗಿನ ಆಸರೆ ತಪ್ಪುವುದರಿಂದ ಹಿಡಿತ ಸಡಿಲಿಸಬೇಕು. ಚೂರು ತಡವಾದರೆ ಕೈಯಲ್ಲೇ ಜಾಮ್! ಹಣ್ಣು ಕೀಳುವ ರೋಬಾಟಿಗೆ ಆ ಕ್ಷಣವನ್ನು ಕ್ಯಾಮೆರಾದಿಂದ ತಿಳಿಸೋಣವೆಂದರೆ, ಹಣ್ಣಿಗೆ ಅದರ ಬೆರಳುಗಳೇ ಅಡ್ಡ.

ನಮ್ಮ ಒಂದು ಕೈಯಲ್ಲಿ ಸ್ಪರ್ಶಕ್ಕೆಂದೇ ಸುಮಾರು 17,000 ನರತಂತುಗಳಿವೆ. ಸ್ವೀಡನ್ನಿನ ರೋಲಂಡ್ ಯೊಹಾನ್ಸನ್ ಮತ್ತು ಯೋರಾನ್ ವೆಸ್ಟ್‌ಲಿಂಗ್ 1984ರಲ್ಲಿ ತೋರಿಸಿದಂತೆ, ವಸ್ತು ಜಾರದಿರಲು ಎಷ್ಟು ಬೇಕೋ ಅದಕ್ಕಿಂತ ತುಸುವೇ ಹೆಚ್ಚು ಬಲವನ್ನು ಕೈ ಹಾಕುತ್ತದೆ. ಕೂದಲೆಳೆಯಷ್ಟು ಜಾರಿದರೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ನಮ್ಮ ಗಮನಕ್ಕೇ ಬಾರದಂತೆ, ಹಿಡಿತ ಬಿಗಿಯಾಗುತ್ತದೆ. ಅಂದರೆ ಕೈ ಕಾಯುತ್ತಿರುವುದು ಜಾರುವಿಕೆಯನ್ನು.

ಜಾರುವುದನ್ನು ಅರಿಯುವ ಈ ಶಕ್ತಿಯನ್ನು ಯಂತ್ರಕ್ಕೆ ಒದಗಿಸುವ ಒಂದು ಉಪಾಯ, ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಜೆಲ್‌ಸೈಟ್, ನನಗೆ ತುಂಬ ಇಷ್ಟ. 2009ರಲ್ಲಿ ಎಡ್ವರ್ಡ್ ಆಡೆಲ್ಸನ್ ಮತ್ತು ಮೈಕಾ ಜಾನ್ಸನ್ ಇದನ್ನು ಮುಂದಿಟ್ಟರು. ಮೆತ್ತನೆಯ ಪಾರದರ್ಶಕ ರಬ್ಬರಿನ ಹೊರಮೈಗೆ ಬಣ್ಣದ ತೆಳು ಲೇಪ, ಒಳಗಡೆ ಕ್ಯಾಮೆರಾ, ಬೇರೆಬೇರೆ ಪಕ್ಕಗಳಿಂದ ಬೇರೆಬೇರೆ ಬಣ್ಣದ ಬೆಳಕು. ವಸ್ತು ತಾಗಿ ರಬ್ಬರು ತಗ್ಗಿದಾಗ ಬಣ್ಣಗಳು ಬದಲಾಗುತ್ತವೆ. ಅದರಿಂದ ತಗ್ಗಿನ ಆಕಾರವನ್ನು ಲೆಕ್ಕ ಹಾಕಬಹುದು. ಲೇಪದ ಮೇಲೆ ಚುಕ್ಕೆಗಳನ್ನಿಟ್ಟರೆ, ಅವು ಸರಿಯುವ ರೀತಿಯಿಂದ ಜಾರುವ ಸೂಚನೆಯೂ ಸಿಗುತ್ತದೆ. ಚರ್ಮವನ್ನು ಒಳಗಿನಿಂದ ನೋಡುವ ಕಣ್ಣು! ಆದರೆ ತೋಟವೆಂದರೆ ಮುಳ್ಳು, ಮಣ್ಣು, ಹಣ್ಣಿನ ರಸ. ಮೆತ್ತನೆಯ ಲೇಪ ಬೇಗ ಸವೆಯುತ್ತದೆ.

ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು ಸಮಸ್ಯೆಯನ್ನು ತಿರುಗುಮುರುಗಾಗಿ ಹಿಡಿದರು. ರಾಸ್ಪ್‌ಬೆರಿ ಸುಗ್ಗಿ ಚಿಕ್ಕದು, ಹಣ್ಣು ದುಬಾರಿ. ಹಾಗಾಗಿ ರೋಬಾಟಿನ ಅಭ್ಯಾಸಕ್ಕೆಂದು ಸಿಲಿಕೋನಿನಲ್ಲಿ ನಕಲಿ ಹಣ್ಣು ಮಾಡಿ, ಸೆನ್ಸರನ್ನು ಅದರೊಳಗೇ ಇಟ್ಟರು. ರೋಬಾಟ್ ಎಷ್ಟು ಒತ್ತಿತು, ಎಷ್ಟು ಎಳೆಯಿತು ಎಂದು ಹಣ್ಣೇ ವರದಿ ಒಪ್ಪಿಸುತ್ತದೆ. ಅದರಂತೆ ಹಿಡಿತ ತಿದ್ದಿಕೊಂಡ ಮೇಲಷ್ಟೇ ರೋಬಾಟಿಗೆ ತೋಟದ ದಾರಿ.