ಹಗಲಿನ ಆಶ್ರಯ: ಸಾಕುನಾಯಿಗೆ ತಕ್ಕ ತಾವನ್ನು ಆರಿಸುವ ಬಗೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಕ್ರಿಸ್ತಶಕ ಹತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಗಂಗರ ಬೂತುಗನ ಆಶ್ರಿತನಾಗಿದ್ದ ಮಣಲೆರನು, ಕಾಡುಹಂದಿಯೊಡನೆ ಕಾದಾಡಿ ಮಡಿದ ಕಾಳಿಯೆಂಬ ತನ್ನ ನಾಯಿಯ ಸ್ಮರಣೆಗಾಗಿ ಶಿಲೆಯನ್ನು ನಿಲ್ಲಿಸಿದನು. ಅದರ ಪೂಜೆಗೆಂದು ಭೂಮಿಯೂ ದತ್ತಿಯಾಯಿತು. ಸತ್ತ ನಾಯಿಗೆ ಹೊಲವನ್ನೇ ಬಿಟ್ಟುಕೊಟ್ಟ ಈ ನಾಡಿನಲ್ಲಿ, ಬದುಕಿರುವ ನಾಯಿಗೆ ಒಡೆಯನಿಲ್ಲದ ಹೊತ್ತಿನಲ್ಲಿ ನೆರಳು, ನೀರು, ನಿಗಾ ಇಡುವ ಒಬ್ಬರು, ಇಷ್ಟಾದರೂ ದೊರೆಯಬೇಕೆಂದು ಬಯಸುವುದು ಅತಿಯಾಸೆಯೆನಿಸದು.

ಕೊಪ್ಪಳಕ್ಕೆ ಸಮೀಪವಾದ ಕಿನ್ನಾಳದಂತಹ ಊರಿನಲ್ಲಿ, ಮನೆಮಂದಿಯೆಲ್ಲ ಸುಗ್ಗಿಗೆಂದು ಹೊಲಕ್ಕೋ, ಗವಿಮಠದ ಜಾತ್ರೆಗೋ, ಹುಲಿಗೆಮ್ಮನ ದರ್ಶನಕ್ಕೋ ಹೊರಟ ದಿನ, ಬಾಗಿಲ ಕಂಬಕ್ಕೆ ಬಿಗಿದ ನಾಯಿಯು ಸಂಜೆಯವರೆಗೆ ಅಲ್ಲಿಯೇ ಉಳಿದುಬಿಡುವುದುಂಟು. ಗಿಡ್ಡ ಸರಪಳಿಯಲ್ಲಿ ಪ್ರಾಣಿಯನ್ನು ಅತಿಕಾಲ ಕಟ್ಟಿಹಾಕುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ ಪ್ರಕಾರ ಅಪರಾಧವೇ ಆಗಿದೆ. ಮಹಾನಗರಗಳಲ್ಲಿ ಶುಲ್ಕ ಪಡೆದು ಹಗಲಿಡೀ ನಾಯಿಗಳನ್ನು ನೋಡಿಕೊಳ್ಳುವ ಡೇಕೇರ್ ಕೇಂದ್ರಗಳಿವೆ. ಹಳ್ಳಿಯಲ್ಲಿ ಅದೇ ಕಾರ್ಯವನ್ನು ನೆರೆಮನೆಯ ಹಿತ್ತಿಲು ನೆರವೇರಿಸಬಲ್ಲುದು. ಆದರೆ ಪರಿಚಯವಿದೆಯೆಂಬ ಒಂದೇ ಕಾರಣದಿಂದ ಪರೀಕ್ಷೆಯನ್ನು ಕೈಬಿಡಲಾಗದು: ಹಣ ಕೊಟ್ಟು ಬಿಡುವ ಕೇಂದ್ರಕ್ಕೆ ಯಾವ ಪ್ರಶ್ನೆಗಳನ್ನು ಕೇಳಬೇಕೋ, ನೆರೆಯವರ ಅಂಗಳಕ್ಕೂ ಅವನ್ನೇ ಕೇಳತಕ್ಕದ್ದು.

ಮೊದಲನೆಯದು ಸ್ಥಳದ ವಿಚಾರ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ಮುಖ್ಯವಾಗಿ ತೇಕಿಯೇ ಮೈಯ ಕಾವನ್ನು ಹೊರಹಾಕುತ್ತದೆ. ಆದುದರಿಂದ ಈ ಸೀಮೆಯ ಬೇಸಗೆಯಲ್ಲಿ ತಗಡಿನ ಮಾಡಿಗಿಂತ ಬೇವಿನ ನೆರಳು ಲೇಸು. ಬೆಳಗ್ಗೆ ಇದ್ದ ನೆರಳು ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆಂಬುದನ್ನು ಸ್ವತಃ ನಿಂತು ನೋಡುವುದು ಉತ್ತಮ. ಕಿನ್ನಾಳವು ಬಣ್ಣದ ಮರದ ಗೊಂಬೆಗಳನ್ನು ಮಾಡುವ ಚಿತ್ರಗಾರರ ಊರು. ನೆನೆಸಿ ಪುಡಿಮಾಡಿದ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಸರಿ ಇವನ್ನು ಕಲಸಿ ಮಾಡಿದ ಕಿಟ್ಟವೂ ಬಣ್ಣದ ಬಟ್ಟಲುಗಳೂ ಪಡಸಾಲೆಯಲ್ಲಿ ಹರಡಿರುವ ಮನೆಯಾದರೆ, ಮೂಸಿ ನೆಕ್ಕುವ ಸ್ವಭಾವದ ಮರಿಯನ್ನು ಕೆಲಸದ ತಾಣದಿಂದ ದೂರವಿಡುವ ತಡೆ ಅಲ್ಲಿ ಇದೆಯೇ ಎಂದು ವಿಚಾರಿಸಬೇಕು.

ಎರಡನೆಯದು ರೋಗದ ವಿಚಾರ. ನಾಲ್ಕು ನಾಯಿಗಳು ಸೇರುವೆಡೆ ಸೋಂಕೂ ಸೇರುತ್ತದೆ. ಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲುದು. ಹಿಂದೆ ಅಲ್ಲಿ ಮರಿ ಸತ್ತಿದ್ದರೆ ಆ ಅಂಗಳ ಬೇಡ. ರೇಬಿಸ್ ಲಸಿಕೆಯನ್ನು ಮೂರು ತಿಂಗಳ ವಯಸ್ಸಿಗೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಪುನಃ ಹಾಕಿಸುತ್ತಿರಬೇಕು. ಪ್ರತಿಯೊಂದು ನಾಯಿಯ ಲಸಿಕೆಯ ಚೀಟಿಯನ್ನು ಕೇಳಿ ನೋಡುವವರ ಮನೆಯೇ ಭರವಸೆಗೆ ಅರ್ಹವಾದುದು. ಕೇಳಿದಾಗ ಮುನಿಸಿಕೊಳ್ಳದೆ ನಮ್ಮ ಚೀಟಿಯನ್ನು ತೋರಿಸುವುದು ನಮ್ಮ ಪಾಲಿನ ಧರ್ಮ. ಯಾರಿಗಾದರೂ ನಾಯಿ ಕಚ್ಚಿದರೆ ಗಾಯಕ್ಕೆ ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಆ ಮನೆಯವರು ಬಲ್ಲವರಾಗಿರಬೇಕು. ರೋಗಲಕ್ಷಣ ಕಾಣಿಸಿಕೊಂಡ ಬಳಿಕ ರೇಬಿಸ್‌ನಿಂದ ಬದುಕುಳಿಯುವುದು ಅತ್ಯಂತ ವಿರಳ. ಪ್ರಾಣಿಗಳ ತುರ್ತು ಚಿಕಿತ್ಸೆಯ 1962 ಸಂಖ್ಯೆ ಅವರ ಗೋಡೆಯ ಮೇಲಿರಲಿ.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದುದು, ಮನುಷ್ಯರ ವಿಚಾರ. ಮನೆಯಲ್ಲಿ ಹಗಲಿಡೀ ಇರುವವರು ಯಾರು, ಅವರು ನಾಯಿಯನ್ನು ಕರೆಯುವ ದನಿ ಎಂತಹದು, ಕೋಲು ಎಲ್ಲಿದೆ, ಎರಡು ನಾಯಿಗಳಿಗೆ ಒಂದೇ ತಟ್ಟೆಯಲ್ಲಿ ಬಡಿಸುತ್ತಾರೋ ದೂರದೂರ ಇಟ್ಟು ಬಡಿಸುತ್ತಾರೋ ಎಂಬುದನ್ನು ಗಮನಿಸಿದರೆ ಬಹಳ ತಿಳಿಯುತ್ತದೆ. ನಾಯಿಗಳ ಜಗಳ ಹೆಚ್ಚಾಗಿ ಅನ್ನದ ಮುಂದೆಯೇ ಆರಂಭವಾಗುವುದು. ನಮ್ಮ ನಾಯಿ ತಿನ್ನುವ ರೊಟ್ಟಿ, ಮಜ್ಜಿಗೆಯ ಪ್ರಮಾಣವನ್ನು ನಾವೇ ಹೇಳಿ, ಉಳ್ಳಾಗಡ್ಡಿ ಹಾಕಿದ ಸಾರು ಮತ್ತು ಬೆಂದ ಕೋಳಿಯ ಎಲುಬು ಕೂಡದೆಂದು ಸ್ಪಷ್ಟಪಡಿಸಬೇಕು. ಮೊದಲನೆಯದು ಅದರ ರಕ್ತಕಣಗಳನ್ನು ಕೆಡಿಸುತ್ತದೆ, ಎರಡನೆಯದು ಸೀಳಾಗಿ ಕರುಳನ್ನು ಚುಚ್ಚುತ್ತದೆ. ಕೊಡುವ ಸಂಭಾವನೆ ಹಣವಾಗಲಿ ಕಾಳಾಗಲಿ, ಮೊದಲೇ ಮಾತಾಗಲಿ. ಸ್ನೇಹವು ಆಗಲೇ ಉಳಿಯುವುದು.

ಜಾತ್ರೆಯ ಹಿಂದಿನ ದಿನ ಓಡಾಡಿ ಆರಿಸಿದ ತಾವು ಒಳ್ಳೆಯದಾಗುವುದು ದೈವವಶಾತ್ ಮಾತ್ರ. ವಾರಗಳ ಮುಂಚೆಯೇ ಒಂದು ಗಳಿಗೆ, ಅನಂತರ ಅರ್ಧ ದಿನ ಬಿಟ್ಟು ನೋಡಿ. ಮನೆಗೆ ಮರಳಿದ ನಾಯಿ ಉಂಡು ಮಲಗಿದರೆ, ಮುಂದಿನ ಸಲ ಆ ಬಾಗಿಲನ್ನು ಕಂಡು ಬಾಲವಾಡಿಸಿದರೆ, ನಿಶ್ಚಿಂತೆಯಿಂದ ಪಯಣ ಹೊರಡಬಹುದು. ಬಾಲ ಮುದುರಿ ಹಿಂದೆ ಸರಿದರೆ, ಆ ಮನೆಯವರು ಎಷ್ಟೇ ಬೇಕಾದವರಾಗಿರಲಿ, ಬೇರೆ ಅಂಗಳವನ್ನು ಹುಡುಕಬೇಕು.