ಕ್ಯಾನ್ಸರಿನ ಕಾರಣ: ಹೇಳಿಕೆಯೇನು, ರುಜುವಾತೇನು?

ಕಳೆದ ತಿಂಗಳು ನಮ್ಮ ವಾಚನಾಲಯದ ಸದಸ್ಯರೊಬ್ಬರು ಮೇಜಿನ ಮೇಲೆ ಒಂದು ಚೀಟಿಯನ್ನಿಟ್ಟು, "ಇದು ನಿಜವೇ, ಸ್ವಲ್ಪ ನೋಡಿ ಹೇಳಿ ಸ್ವಾಮಿ" ಎಂದರು. ಅವರ ಮನೆಯವರಿಗೆ ಎದೆಯಲ್ಲಿ ಗಂಟು. ಪರೀಕ್ಷೆಯಲ್ಲಿ ಕ್ಯಾನ್ಸರೆಂದು ತಿಳಿದು, ಶಸ್ತ್ರಚಿಕಿತ್ಸೆಗೆ ತಾರೀಖೂ ಗೊತ್ತಾಗಿತ್ತು. ಅಷ್ಟರಲ್ಲಿ ಊರಿನ ನೆಂಟರಿಂದ ಮೊಬೈಲಿಗೆ ಬಂದ ಬರಹವನ್ನು ಅವರು ಕಾಗದಕ್ಕಿಳಿಸಿಕೊಂಡಿದ್ದರು: ರಕ್ತ ಹುಳಿಯಾಗುವುದೇ ಕ್ಯಾನ್ಸರಿಗೆ ಮೂಲ, ಅಡಿಗೆ ಸೋಡಾದ ನೀರು ಕುಡಿದು ಅನ್ನ, ಸಕ್ಕರೆ ಬಿಟ್ಟರೆ ವಾಸಿಯಾಗುತ್ತದೆ. ತಾರೀಖು ಮುಂದಕ್ಕೆ ಹೋಯಿತು.

ನಾವು ವೈದ್ಯರಲ್ಲ; ಫರೀದಾಬಾದಿನ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ಓದಿ, ತಿಳಿದವರನ್ನು ಕೇಳಿ ಕಂಡುಕೊಂಡದ್ದನ್ನು ವಾಚಕರ ಮುಂದಿಡುತ್ತೇವೆ.

ಈ ಹುಳಿಯ ಮಾತಿಗೆ ಒಂದು ಬೇರುಂಟು. ಕ್ಯಾನ್ಸರಿನ ಜೀವಕೋಶಗಳು ಸಕ್ಕರೆಯನ್ನು ಹೇರಳವಾಗಿ ಬಳಸಿ ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆಂದು ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲಿ ತೋರಿಸಿದರು. ಅವರಿಗೆ 1931ರಲ್ಲಿ ನೊಬೆಲ್ ಬಹುಮಾನ ಬಂದದ್ದು ನಿಜ. ಆದರೆ ಅದು ಉಸಿರಾಟದ ಕಿಣ್ವದ ಸಂಶೋಧನೆಗೆ, ಕ್ಯಾನ್ಸರಿನ ಕಾರಣ ಕಂಡುಹಿಡಿದುದಕ್ಕಲ್ಲ. ಗಂಟಿನ ಸುತ್ತ ಹುಳಿ ಕಾಣುವುದು ರೋಗದ ಫಲ. ಅದನ್ನೇ ಕಾರಣವೆನ್ನುವುದು ಖರ್ಚನ್ನು ಜಮಾ ಕಲಮಿಗೆ ಬರೆದಂತೆ. ಇನ್ನು ರಕ್ತವೋ, ಪಿ.ಎಚ್. ಅಳತೆಯಲ್ಲಿ 7.35ರಿಂದ 7.45ರೊಳಗೇ ನಿಲ್ಲುತ್ತದೆ, ಹೆಚ್ಚಾದ ಹುಳಿಯನ್ನು ಶ್ವಾಸಕೋಶ ಉಸಿರಿನಲ್ಲೂ ಮೂತ್ರಪಿಂಡ ಮೂತ್ರದಲ್ಲೂ ಹೊರಹಾಕುತ್ತವೆ. ಸೋಡಾ ಕುಡಿದರೆ ಬದಲಾಗುವುದು ಮುಖ್ಯವಾಗಿ ಮೂತ್ರ. ಅನ್ನ ಬಿಟ್ಟರೂ ಯಕೃತ್ತು ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಕೊಡುತ್ತದೆ. ಸೊರಗುವವರು ರೋಗಿಯೇ.

ಇಂಥ ಇನ್ನೊಂದು ಮಾತು, 'ವಿಟಮಿನ್ ಬಿ 17' ಕಡಮೆಯಾದರೆ ಕ್ಯಾನ್ಸರ್ ಬರುತ್ತದೆಂಬುದು. ಇಲ್ಲಿಯವರು ಖುಬಾನಿ ಎನ್ನುವ ಜರ್ದಾಳು ಹಣ್ಣಿನ ಕಹಿ ಬೀಜದಲ್ಲಿ ಅದು ಇದೆಯಂತೆ. ಅಂಥ ವಿಟಮಿನ್ನೇ ಇಲ್ಲ. ಬೀಜದಲ್ಲಿರುವ ವಸ್ತು ಹೊಟ್ಟೆಯಲ್ಲಿ ಸಯನೈಡ್ ವಿಷವನ್ನು ಬಿಡುತ್ತದೆ. 1982ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 178 ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ಗುಣ ಕಾಣಲಿಲ್ಲ, ಕೆಲವರಿಗೆ ವಿಷದ ಲಕ್ಷಣ ಕಂಡಿತು.

ಹಾಗಾದರೆ ನಮ್ಮ ನಾಟಿ ಔಷಧಿ? ಶಿವಮೊಗ್ಗ ಜಿಲ್ಲೆಯ ಆನಂದಪುರದ ಬಳಿ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿಯವರ ಮನೆಯ ಮುಂದೆ ದೂರದೂರದವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ನಂಬಿಕೆಯನ್ನು ಹಾಸ್ಯ ಮಾಡುವ ಮನಸ್ಸು ನಮಗಿಲ್ಲ. ಆದರೆ ಸಾಲಿನ ಉದ್ದ ಗುಣದ ರುಜುವಾತಾಗದು. ಗಿಡದಲ್ಲಿ ಔಷಧಿಯಿಲ್ಲವೆಂದೂ ಅಲ್ಲ: ಅಂಗಳದ ನಿತ್ಯಪುಷ್ಪದಿಂದ ತೆಗೆದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಬಳಕೆಯಲ್ಲಿದೆ. ಅದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅಳತೆ ಗೊತ್ತಾಗಿ ಬಂದದ್ದು.

ರುಜುವಾತಾದ ಕಾರಣಗಳು ನಮ್ಮ ಗಿರಣಿಯ ಗೇಟಿನಲ್ಲೇ ಮಾರಾಟಕ್ಕಿವೆ: ಬೀಡಿ, ಹೊಗೆಸೊಪ್ಪು. ಬರೀ ಅಡಿಕೆಯೂ ಆ ಪಟ್ಟಿಯಲ್ಲಿದೆ, ಮಲೆನಾಡಿನವರು ಕ್ಷಮಿಸಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬೇರೆ ದಾರಿಯನ್ನೇ ಹಿಡಿದವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮಿಗಿಲು. ಈ ಸಾಲನ್ನು ಆ ಸದಸ್ಯರು ಎರಡು ಸಲ ಓದಿಸಿಕೊಂಡರು.

ಅವರು ಹೊಸ ತಾರೀಖು ಪಡೆದಿದ್ದಾರೆ. ಅವರ ಮನೆಯವರಿಗೆ ಹಿಂದಿ ಬಾರದು. ಆಸ್ಪತ್ರೆಯಲ್ಲಿ ಜೊತೆಗಿದ್ದು ಮಾತು ತಿಳಿಸಬಲ್ಲ ಸೋದರಿಯರು ಸಂಜೆ ವಾಚನಾಲಯದಲ್ಲಿ ಹೆಸರು ಕೊಡಬೇಕಾಗಿ ಕೋರುತ್ತೇವೆ.